ದೇವರ ಕರೆ ತಿಳಿಯೋಕೆ ಸೈನ್ಸ್ ಫಿಕ್ಷನ್ ಸಿನಿಮಾ ಯಾಕೆ?

ನಮ್ಮ ಸಭೆಯ ಯುವಜನರ ಕೂಟದಲ್ಲಿ ಆಗಾಗ ಸಿನಿಮಾ ಹಾಕಿ, ಆಮೇಲೆ ಬೈಬಲ್ ತೆರೆದು ಮಾತಾಡುತ್ತೇವೆ. ಜಾಸ್ತಿ ನೋಡುವುದು ಸೈನ್ಸ್ ಫಿಕ್ಷನ್. ಅದಕ್ಕೆ ಸಭೆಯ ಹಿರಿಯರು, ಮಕ್ಕಳ ತಂದೆತಾಯಿ, ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. ಯೇಸುವಿನ ಹೆಸರೇ ಎತ್ತದ ಈ ಕಥೆಗಳಲ್ಲಿ ದೇವರ ಕರೆಯ ಬಗ್ಗೆ, ದೇವರು ಒಬ್ಬೊಬ್ಬರಿಗೆ ಕೊಡುವ ವರಗಳ ಬಗ್ಗೆ ಏನು ಸಿಗುತ್ತದೆ? ಬೈಬಲಿನ ವಾಕ್ಯ ಸಾಲದಾ?

ವಾಕ್ಯ ಸಾಕು. ಆದರೆ ನಾವು ಅದನ್ನು ಅರ್ಧವೇ ಓದುತ್ತೇವೆ. ವರ ಅಂದ ಕೂಡಲೇ ಹಾಡುವವರು, ಪ್ರಸಂಗ ಮಾಡುವವರು, ಪ್ರಾರ್ಥನೆ ಮಾಡಿ ರೋಗ ವಾಸಿಮಾಡುವವರು ನೆನಪಾಗುತ್ತಾರೆ. ವಿಮೋಚನಕಾಂಡ 31ರಲ್ಲಿ ದೇವರು ಬೆಚಲೇಲನನ್ನು ಹೆಸರು ಹಿಡಿದು ಕರೆದು ತನ್ನ ಆತ್ಮದಿಂದ ತುಂಬಿದ್ದು ಬಂಗಾರ, ಕಲ್ಲು, ಮರದ ಕೆಲಸಕ್ಕೆ. ಆ ಅಧ್ಯಾಯದ ಮೇಲೆ ನಾನು ಕೇಳಿದ ಪ್ರಸಂಗಗಳು ಬಹಳ ಕಡಿಮೆ. ದಿನವಿಡೀ ಲೆಕ್ಕದಲ್ಲೇ ಮುಳುಗಿರುವ ಹುಡುಗಿಗೆ, ಯಾರ ಜೊತೆಗೂ ಬೆರೆಯದೆ ಭಾಷೆಗಳನ್ನು ಕಲಿಯುತ್ತಾ ಕೂರುವ ಹುಡುಗನಿಗೆ ನಾವು ಏನು ಹೇಳುತ್ತೇವೆ? ಸ್ವಲ್ಪ ಎಲ್ಲರ ಹಾಗೆ ಇರು ಅಂತ, ಅಲ್ವಾ? ಸೈನ್ಸ್ ಫಿಕ್ಷನ್ ಅಂಥವರನ್ನೇ ಕಥೆಯ ನಡುವೆ ನಿಲ್ಲಿಸುತ್ತದೆ. ಅವರ ವರಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಅನ್ನುವುದನ್ನೂ ತೋರಿಸುತ್ತದೆ. ದೇವರು ನಮಗೆ ಮಾಡಿದ್ದನ್ನು ಸಭೆಯಲ್ಲಿ ಹೇಳಿಕೊಳ್ಳುವ ನಮ್ಮ ಸಾಕ್ಷಿಗಳಲ್ಲಿ ಈ ಬೆಲೆಯ ಮಾತೇ ಬರುವುದಿಲ್ಲ.

(ಸಿನಿಮಾಗಳ ಕೊನೆ ಮೊದಲೇ ಗೊತ್ತಾಗಬಾರದು ಅನ್ನುವವರು ನೋಡಿಕೊಂಡು ಬಂದು ಮುಂದೆ ಓದಿ.)

2016ರಲ್ಲಿ ಬಂದ, ಡೆನಿ ವಿಲ್ನೆವ್ ನಿರ್ದೇಶನದ ‘ಅರೈವಲ್’ ತೆಗೆದುಕೊಳ್ಳಿ. ಭೂಮಿಯ 12 ಕಡೆ ಅನ್ಯಲೋಕದ ನೌಕೆಗಳು ಬಂದು ನಿಲ್ಲುತ್ತವೆ. ಅಮೆರಿಕದ ಸೈನ್ಯ ಲೂಯಿಸ್ ಬ್ಯಾಂಕ್ಸ್ ಎಂಬ ಭಾಷಾಶಾಸ್ತ್ರದ ಪ್ರೊಫೆಸರ್ ಮನೆಗೆ ಬರುತ್ತದೆ. ಅವಳಿಗಿರುವುದು ಭಾಷೆಗಳನ್ನು ಬಿಡಿಸಿ ನೋಡುವ ತಾಳ್ಮೆ, ಅಷ್ಟೇ. ನೌಕೆಯೊಳಗೆ ಎಲ್ಲರೂ ಮೈತುಂಬ ರಕ್ಷಣಾ ಉಡುಪು ತೊಟ್ಟು ಹೋಗುತ್ತಾರೆ. ಒಂದು ದಿನ ಲೂಯಿಸ್ ಅದನ್ನು ಕಳಚಿ ಬಿಡುತ್ತಾಳೆ. ತನ್ನ ಮುಖ ಅವರಿಗೆ ಕಾಣಬೇಕು ಅಂತ. ಈ ದೃಶ್ಯ ನನಗೆ ತುಂಬಾ ಮುಖ್ಯ. ಅವಳ ವರ ಕೆಲಸಕ್ಕೆ ಬರಬೇಕಾದರೆ ಮೊದಲು ಅವಳು ತನ್ನನ್ನೇ ಅಪಾಯಕ್ಕೆ ಒಡ್ಡಿಕೊಳ್ಳಬೇಕಾಯಿತು.

ಆ ಭಾಷೆ ಕಲಿಯುತ್ತಾ ಹೋದಂತೆ ಅವಳಿಗೆ ಮುಂದೆ ಆಗುವುದು ಕಾಣಲು ಶುರುವಾಗುತ್ತದೆ. ತನಗೆ ಒಬ್ಬ ಮಗಳು ಹುಟ್ಟುತ್ತಾಳೆ, ಕಾಯಿಲೆ ಬಂದು ಚಿಕ್ಕ ವಯಸ್ಸಿನಲ್ಲೇ ಸಾಯುತ್ತಾಳೆ. ಇದೆಲ್ಲ ಗೊತ್ತಿದ್ದೂ ಲೂಯಿಸ್ ಆ ಬದುಕಿಗೆ ಹೂಂ ಅನ್ನುತ್ತಾಳೆ. ಇಲ್ಲಿ ನಾವು ಲೂಕನ ಸುವಾರ್ತೆಯ ಮೊದಲೆರಡು ಅಧ್ಯಾಯ ತೆರೆಯುತ್ತೇವೆ. ಯೇಸುವನ್ನು ಹೆರಲು ಮರಿಯಳು ದೇವದೂತನಿಗೆ ಒಪ್ಪಿಗೆ ಕೊಟ್ಟಿದ್ದು ಮೊದಲು. ನಿನ್ನ ಪ್ರಾಣವನ್ನೇ ಕತ್ತಿ ತಿವಿಯುತ್ತದೆ ಅಂತ ದೇವಾಲಯದಲ್ಲಿ ಸಿಮೆಯೋನ ಎಂಬ ಭಕ್ತ ಹೇಳಿದ್ದು ಆಮೇಲೆ, ಕೂಸು ಕೈಗೆ ಬಂದ ಮೇಲೆ. ನಮ್ಮಲ್ಲಿ ಹೆಚ್ಚಿನವರ ಕರೆ ಮರಿಯಳ ರೀತಿಯದು. ಬೆಲೆ ಗೊತ್ತಾಗುವುದು ತಡವಾಗಿ. ಎಲ್ಲ ಮೊದಲೇ ತಿಳಿದು ಒಪ್ಪಿದವನನ್ನು ನೋಡಬೇಕೆಂದರೆ, ಶಿಲುಬೆಯ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ಗೆತ್ಸೆಮನೆಗೇ ಹೋಗಬೇಕು.

ಲೂಯಿಸ್ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ತನಗೆ ಗೊತ್ತಿದ್ದದ್ದನ್ನು ಗಂಡನಿಗೆ ತಡವಾಗಿ ಹೇಳಿದಳು, ಅವನು ಬಿಟ್ಟುಹೋದ. ವರ ಇರುವವರು ಜೊತೆಯವರಿಗೂ ಉತ್ತರ ಕೊಡಬೇಕು. ನಮ್ಮ ಕೂಟದಲ್ಲಿ ಜಗಳದ ಮಟ್ಟಕ್ಕೆ ಹೋದ ಚರ್ಚೆ ಇದು.

ಇನ್ನೊಂದು ವಿಷಯ ಉಂಟು. ಆ ಜೀವಿಗಳು ಕೊಟ್ಟ ಸಂದೇಶ 12 ನೌಕೆಗಳಲ್ಲಿ ಹಂಚಿಹೋಗಿದೆ. ಒಂದೊಂದು ದೇಶಕ್ಕೆ ಸಿಕ್ಕಿದ್ದು ಒಂದೊಂದು ಪಾಲು. ಎಲ್ಲರೂ ತಮ್ಮ ಪಾಲು ತಂದು ಜೋಡಿಸಿದರೆ ಮಾತ್ರ ಅರ್ಥ. 1 ಕೊರಿಂಥ 12ರಲ್ಲಿ ಪೌಲ ದೇಹ, ಅಂಗಗಳ ಮಾತಾಡುವಾಗ ಹೇಳುವುದೂ ಇದನ್ನೇ. ಕಣ್ಣು ಕೈಗೆ ನೀನು ಬೇಡ ಅನ್ನುವ ಹಾಗಿಲ್ಲ. ಒಬ್ಬನೇ ಆಯ್ಕೆಯಾದವನು ಲೋಕ ಉಳಿಸುವ ಸಿನಿಮಾಗಳಿಗಿಂತ ನನಗೆ ಇದು ಇಷ್ಟ. ಆ ಜಾಗದಲ್ಲಿ ಕ್ರಿಸ್ತನಿದ್ದಾನೆ, ನಮ್ಮ ಮಕ್ಕಳನ್ನು ಅಲ್ಲಿ ಕೂರಿಸುವುದು ಬೇಡ.

ಸ್ಪೀಲ್‌ಬರ್ಗ್ 1977ರಲ್ಲಿ ಮಾಡಿದ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದ ಥರ್ಡ್ ಕೈಂಡ್’ ಬೇರೆ ಥರದ ಪಾಠ. ರಾಯ್ ನಿಯರಿ ಕರೆಂಟ್ ಲೈನ್ ಕೆಲಸದವನು. ಆಕಾಶದಲ್ಲಿ ಬೆಳಕು ನೋಡಿದ ಮೇಲೆ ಒಂದು ಬೆಟ್ಟದ ಆಕಾರ ಅವನ ತಲೆಯಿಂದ ಹೋಗುವುದಿಲ್ಲ. ಊಟದ ತಟ್ಟೆಯ ಆಲೂಗಡ್ಡೆಯಲ್ಲೂ ಅದನ್ನೇ ಮಾಡುತ್ತಾನೆ. ಹೆಂಡತಿ ಹೆದರಿ ಮಕ್ಕಳನ್ನು ಕರೆದುಕೊಂಡು ಹೋಗುತ್ತಾಳೆ. ಕೊನೆಗೆ ಅವನು ಎಲ್ಲವನ್ನೂ ಬಿಟ್ಟು ನೌಕೆ ಹತ್ತುತ್ತಾನೆ. ತಾನು ತಂದೆಯಾದ ಮೇಲೆ ಈ ಸಿನಿಮಾ ಮಾಡಿದ್ದರೆ ರಾಯ್‌ಗೆ ಮನೆ ಬಿಡಿಸುತ್ತಿರಲಿಲ್ಲ ಅಂತ ಸ್ಪೀಲ್‌ಬರ್ಗ್ ಮುಂದೆ ಹೇಳಿದ್ದುಂಟು. ಯೇಸು ಕರೆದಾಗ ಶಿಷ್ಯರೂ ಬಲೆ ಬಿಟ್ಟು ಹೋಗಲಿಲ್ಲವಾ ಅಂತ ಹುಡುಗರು ಕೇಳುತ್ತಾರೆ. ಹೋದರು. ಆದರೆ ಅದನ್ನು ಹೇಳುವ ಮಾರ್ಕನ ಸುವಾರ್ತೆಯ ಅದೇ ಮೊದಲ ಅಧ್ಯಾಯದಲ್ಲಿ ಯೇಸು ಆ ಶಿಷ್ಯರಲ್ಲೊಬ್ಬನಾದ ಸೀಮೋನನ ಮನೆಗೆ ಹೋಗಿ, ಜ್ವರದಲ್ಲಿ ಮಲಗಿದ್ದ ಅವನ ಅತ್ತೆಯನ್ನು ಕೈಹಿಡಿದು ಎಬ್ಬಿಸಿದ. ಕರೆದವನು ಮನೆಯನ್ನು ಮರೆಯಲಿಲ್ಲ.

ನನ್ನನ್ನು ತುಂಬಾ ಕಾಡಿದ್ದು ಮಾತ್ರ ಸ್ಪೀಲ್‌ಬರ್ಗ್ ಅವರದೇ ‘ಮೈನಾರಿಟಿ ರಿಪೋರ್ಟ್’, 2002ರದು. ಕೊಲೆ ಆಗುವ ಮೊದಲೇ ಅದನ್ನು ಕಾಣುವ ಮೂವರು. ಅವರನ್ನು ಔಷಧಿ ಕೊಟ್ಟು ನೀರಿನ ತೊಟ್ಟಿಯಲ್ಲಿ ಮಲಗಿಸಿದ್ದಾರೆ. ಊರು ಸುರಕ್ಷಿತ, ಎಲ್ಲರಿಗೂ ಖುಷಿ. ಅವರಲ್ಲಿ ಒಬ್ಬಳಾದ ಅಗಾಥಾ ಮನುಷ್ಯಳು ಅನ್ನುವುದು ಯಾರಿಗೂ ಬೇಕಿಲ್ಲ. ನನಗೆ ಅಪೊಸ್ತಲರ ಕೃತ್ಯಗಳು 16ರ ಫಿಲಿಪ್ಪಿಯ ದಾಸಿ ನೆನಪಾಗುತ್ತಾಳೆ. ಅವಳಲ್ಲಿದ್ದದ್ದು ದುರಾತ್ಮ, ದೇವರ ವರವಲ್ಲ, ಒಪ್ಪುತ್ತೇನೆ. ಆದರೆ ಅವಳ ಯಜಮಾನರನ್ನು ನೋಡಿ. ಅವಳು ಕಣಿ ಹೇಳಿದಷ್ಟು ಕಾಲ ಅವರಿಗೆ ಆದಾಯ. ಪೌಲ ಅವಳನ್ನು ಬಿಡುಗಡೆ ಮಾಡಿದಾಗ ಅವಳು ಹೇಗಿದ್ದಾಳೆ ಅಂತ ಒಬ್ಬನೂ ಕೇಳಲಿಲ್ಲ. ಪೌಲನನ್ನೂ ಅವನ ಜೊತೆಗಿದ್ದ ಸೀಲನನ್ನೂ ಎಳೆದುಕೊಂಡು ಹೋಗಿ ಹೊಡೆಸಿ ಜೈಲಿಗೆ ಹಾಕಿಸಿದರು.

ಒಳ್ಳೆಯ ಕಂಠ ಇರುವ ಮಕ್ಕಳನ್ನು ನಾವು ಪ್ರತಿ ಕೂಟಕ್ಕೂ, ಪ್ರತಿ ಮದುವೆಗೂ ಕರೆಯುತ್ತೇವೆ. ದೇವರು ಕೊಟ್ಟದ್ದು, ಬಳಸಬೇಕು ಅನ್ನುತ್ತೇವೆ. ಆ ಸಿನಿಮಾ ನೋಡಿದ ದಿನ ಕ್ವಾಯರ್‌ನ ಒಬ್ಬ ಹುಡುಗಿ, ತನಗೆ ಸುಮ್ನೆ ಬೆಂಚಿನ ಮೇಲೆ ಕೂತು ಆರಾಧನೆ ಮಾಡಬೇಕು ಅನ್ನಿಸುತ್ತದೆ ಅಂತ ಹೇಳಿದಳು. ಈಗ ನಮ್ಮಲ್ಲಿ ಯಾರು ಬೇಕಾದರೂ, ಕಾರಣ ಹೇಳದೆ, ಒಂದು ಭಾನುವಾರ ಹಾಡದೆ ಇರಬಹುದು.