ಹೊಂಗೆ ಎಲೆ, ಪ್ಲಾಸ್ಟಿಕ್ ತೋರಣ

ಏಪ್ರಿಲ್ 6, 2025, ಭಾನುವಾರ
ಕೋಲಾರ

ರಾಮನವಮಿ. ಅಮ್ಮ ಬೆಳಗ್ಗೆಯೇ ಪಾನಕ, ಕೋಸಂಬರಿ ಮಾಡಿ ಮುಗಿಸಿದ್ದರು. ನಾನು ಜಲವರ್ಣದಲ್ಲಿ ಚಿತ್ರ ಬರೆಯೋಣ ಅಂತ ಬೀದಿ ಕೊನೆಯ ಹೊಂಗೆ ಮರದಿಂದ ಒಂದು ರೆಂಬೆ ಮುರಿದು ತಂದು ಲೋಟದ ನೀರಲ್ಲಿ ಇಟ್ಟುಕೊಂಡೆ. ಯುಗಾದಿ ಹೊತ್ತಿಗೆ ಚಿಗುರುವ ಮರ. ಎಲೆ ನೋಡಿದರೆ ಈಗಷ್ಟೇ ಎಣ್ಣೆ ಸವರಿದ ಹಾಗಿದೆ. ಒಂದೆರಡು ಹಳೇ ಎಲೆ ಮಾತ್ರ ಇನ್ನೂ ಉದುರದೆ ಉಳಿದಿದ್ದವು.

ಹಾಳೆಯ ಮೊದಲ ಎಲೆಗೆ ಸೋಮಾರಿತನದಲ್ಲಿ, ಏನೂ ಬೆರೆಸದೆ, ಟ್ಯೂಬಿನ ಥ್ಯಾಲೋ ಗ್ರೀನ್ ಹಚ್ಚಿದೆ. ಟ್ಯೂಬಿನ ಮೇಲೆ ಬಣ್ಣದ ಗುರುತಿಗೆ ಪಿಜಿ 7 ಅಂತ ಇರುತ್ತದಲ್ಲ, ಅದು. ಪಾನಕ ಕೊಡಲು ಬಂದ ಅಮ್ಮ ಬಗ್ಗಿ ನೋಡಿ, "ಇದೇನೇ, ಅಂಗಡೀಲಿ ಮಾರೋ ಪ್ಲಾಸ್ಟಿಕ್ ತೋರಣ ಇದ್ದಂಗಿದೆ" ಅಂದರು. ಏನು ಹೇಳಲಿ, ಹಾಗೇ ಇತ್ತು.

ಹಾಳೆ ತಿರುಗಿಸಿ ಮತ್ತೆ ಶುರು. ಈ ಸಲ ಲೆಮನ್ ಯೆಲ್ಲೋ, ಅಲ್ಟ್ರಾಮರೀನ್ ಬ್ಲೂ. ಹಳದಿ ಮೊದಲು, ನೀಲಿ ಆಮೇಲೆ, ಅದೂ ಬ್ರಷ್ಷಿನ ತುದಿಯಷ್ಟೇ. ನೀಲಿಗೆ ಹಳದಿ ಸುರಿಯುತ್ತಾ ಹೋದರೆ ಟ್ಯೂಬ್ ಖಾಲಿಯಾಗುತ್ತದೆ, ಎಳೆ ಹಸಿರು ಸಿಗುವುದಿಲ್ಲ. ಚಿಗುರಿಗೆ ಇಷ್ಟು ಸಾಕಾಯಿತು. ಹಳೇ ಎಲೆಗೆ ನೀಲಿ ಜಾಸ್ತಿ ಮಾಡಿ, ಅಲಿಜರಿನ್ ಕ್ರಿಮ್ಸನ್ ಒಂದು ಚುಕ್ಕೆ ಬಿಟ್ಟೆ. ಕೆಂಪು ಬಿದ್ದದ್ದೇ ತಡ, ಹಸಿರು ತಣ್ಣಗೆ ಕೂತಿತು. ಆಸೆಗೆ ಇನ್ನೊಂದು ಚುಕ್ಕೆ ಬಿಟ್ಟೆ, ಸಗಣಿ ಬಣ್ಣವಾಯಿತು. ತೊಳೆದೆ.

ಬಣ್ಣ ಹೊಂದುತ್ತದಾ ನೋಡಲು ನಂದೊಂದು ಉಪಾಯ ಇದೆ. ಹಾಳೆ ಚೂರಿನಲ್ಲಿ ಕಡಲೆಕಾಳಿನಷ್ಟು ತೂತು ಮಾಡಿ ಎಲೆ ಮೇಲಿಡುತ್ತೇನೆ. ತೂತಿನ ಪಕ್ಕಕ್ಕೇ ಬಣ್ಣ ಹಚ್ಚಿ, ಒಣಗಿದ ಮೇಲೆ ನೋಡುತ್ತೇನೆ. ಜಲವರ್ಣ ಒಣಗಿದರೆ ತಿಳಿಯಾಗುತ್ತದೆ, ಹಸಿಯಿದ್ದಾಗ ನಂಬಬಾರದು. ಇವತ್ತು ಆ ತೂತನ್ನು ಎಲೆ ಮಿಂಚುವ ಜಾಗಕ್ಕೆ ಸರಿಸಿದರೆ, ಅಲ್ಲಿ ಹಸಿರೇ ಇಲ್ಲ! ಕಿಟಕಿಯಾಚೆಯ ಆಕಾಶ, ಬಿಳಿಗೆ ಚೂರು ನೀಲಿ. ಅಷ್ಟು ಜಾಗ ಬಿಳಿ ಬಿಟ್ಟು, ಮೇಲೆ ನೀರು ನೀರಾದ ನೀಲಿ ಎಳೆದೆ.

ಹುಕರ್ಸ್ ಗ್ರೀನ್ ಅಂತ ಟ್ಯೂಬಲ್ಲಿ ಬರುತ್ತದಲ್ಲ, ಅದೂ ಮೊದಲಿಗೆ ಹೀಗೆ ಬೆರೆಸಿದ್ದೇ. 1832ರಲ್ಲಿ ತೀರಿಹೋದ ವಿಲಿಯಂ ಹುಕರ್ ಇಂಗ್ಲೆಂಡಿನಲ್ಲಿ ಹಣ್ಣುಗಳ ಚಿತ್ರ ಬರೆಯುತ್ತಿದ್ದವರು. ಎಲೆಗಳಿಗೆ ಪ್ರಷ್ಯನ್ ಬ್ಲೂ ಜೊತೆ ಗ್ಯಾಂಬೋಜ್ ಸೇರಿಸುತ್ತಿದ್ದರು. ಈ ಗ್ಯಾಂಬೋಜ್ ಒಂದು ಮರದ ಹಳದಿ ಅಂಟು. ಆ ಮರ ನಮ್ಮ ಪುನರ್ಪುಳಿ, ಉಪ್ಪಾಗೆಗಳ ದಾಯಾದಿ. ಸುಮ್ನೆ ನೆನಪಾಯಿತು.

ಐದೂವರೆಗೆ ನಿಲ್ಲಿಸಿದೆ. ಟ್ಯೂಬ್‌ಲೈಟ್ ಕೆಳಗೆ ಹಸಿರು ಬೆರೆಸಿ ಹಿಂದೆ ಪೆಟ್ಟು ತಿಂದಿದ್ದೇನೆ. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ರೆಂಬೆಯನ್ನೂ ಹಾಳೆಯನ್ನೂ ನೋಡಿದರು. "ಈಗ ಹೊಂಗೆ. ಆದ್ರೆ ಆ ಗಂಟುಗಳೆಲ್ಲೇ?"

ಎಲೆ ಮೇಲಿನ ಸಣ್ಣ ಸಣ್ಣ ಗಂಟು, ಹುಳುವಿನ ಕೆಲಸ. ಚೆನ್ನಾಗಿ ಕಾಣಲ್ಲ ಅಂತ ನಾನೇ ಬಿಟ್ಟಿದ್ದೆ. ನಾಳೆ ಬೆಳಗ್ಗೆ ಅದಕ್ಕೂ ಒಂದು ಹಸಿರು ಬೆರೆಸಬೇಕು.