ಲಂಡನ್ನಿನಲ್ಲಿ ಸಿಕ್ಕ ಶ್ರೀರಂಗಪಟ್ಟಣದ ಮಳೆ

ಲಂಡನ್ನಿಗೆ ಹೋದ ನಮ್ಮ ಕಡೆಯವರು ಅಲ್ಲಿನ ಮ್ಯೂಸಿಯಂನಲ್ಲಿರುವ ಟಿಪ್ಪುವಿನ ಮರದ ಹುಲಿ ನೋಡದೆ ಬರುವುದಿಲ್ಲ. ನಾನೂ ನೋಡಿದೆ, ಫೋಟೋ ತೆಗೆದೆ, ಮನೆಯ ಗ್ರೂಪಿಗೆ ಹಾಕಿದೆ. ಆದರೆ ನನಗೆ ನೋಡಬೇಕಿದ್ದದ್ದು ಇನ್ನೊಬ್ಬ ಟಿಪ್ಪು. ಈ ಟಿಪ್ಪು ಶ್ರೀರಂಗಪಟ್ಟಣದ ಕೋಟೆ ಮೇಲೆ ನಿಂತು ಉಚ್ಚೆ ಹುಯ್ಯುತ್ತಿದ್ದಾನೆ. ಕೆಳಗೆ ಇಂಗ್ಲಿಷರ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ನೆನೆಯುತ್ತಾ ಓಟ ಕಿತ್ತಿದ್ದಾನೆ!

ಇದು ಜೇಮ್ಸ್ ಗಿಲ್‌ರೇ ಎಂಬಾತನ ವ್ಯಂಗ್ಯಚಿತ್ರ, 1791ರ ಡಿಸೆಂಬರಿನದು. ಇರುವುದು ಬ್ರಿಟಿಷ್ ಮ್ಯೂಸಿಯಂನಲ್ಲಿ. ಮೊದಲ ದಿನ ಸುಮ್ನೆ ಹೋಗಿಬಿಟ್ಟೆ. ಇಂಥ ಹಾಳೆಗಳನ್ನು ನೋಡಲು ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕಂತೆ, ಜೊತೆಗಿದ್ದ ಅಕ್ಕನ ಮಗ "ಮಾವ, ನಾನು ಹೇಳಿರಲಿಲ್ವಾ?" ಎಂದು ನಕ್ಕ. ಮುಂದಿನ ವಾರ ಮತ್ತೆ ಹೋದೆವು. ಪೆನ್ನು ಒಳಗಿಡಿಸಿ, ಪೆನ್ಸಿಲ್ ಮಾತ್ರ ಎಂದರು. ಆಮೇಲೆ ಪೆಟ್ಟಿಗೆಯಿಂದ ಹಾಳೆ ತೆಗೆದು ನಮ್ಮ ಮುಂದೆ ಇಟ್ಟರು.

ಹತ್ತಿರದಿಂದ ನೋಡಿದರೆ ಬಣ್ಣ ಅಲ್ಲಲ್ಲಿ ಗೆರೆ ದಾಟಿದೆ. ಆಗ ಇಂಥ ಚಿತ್ರ ಮಾಡುತ್ತಿದ್ದದ್ದು ಹೀಗೆ: ತಾಮ್ರದ ತಗಡಿಗೆ ಮೇಣದಂಥದ್ದು ಬಳಿದು, ಸೂಜಿಯಲ್ಲಿ ಗೀರಿ, ಆಸಿಡ್‌ನಲ್ಲಿ ಅದ್ದಿದರೆ ಗೀರಿದ ಕಡೆ ಮಾತ್ರ ಕೊರೆದುಕೊಳ್ಳುತ್ತದೆ. ಅದಕ್ಕೆ ಶಾಯಿ ತುಂಬಿ ಅಚ್ಚು ಹಾಕುವುದು. ಬಣ್ಣ ಮಾತ್ರ ಒಂದೊಂದೇ ಹಾಳೆಗೆ ಕೈಯಲ್ಲೇ ಹಚ್ಚಬೇಕು, ಹಾಗಾಗಿ ಬಣ್ಣದ್ದಕ್ಕೆ ರೇಟು ಜಾಸ್ತಿ.

ಚಿತ್ರದ ಹೆಸರಿನ ಅರ್ಥ 'ಮುಂಗಾರು ಹಿಡಿಯಿತು, ಅಥವಾ ಶ್ರೀರಂಗಪಟ್ಟಣದಿಂದ ಕಾಲ್ತೆಗೆದದ್ದು'. ಗಿಲ್‌ರೇಗೆ ಕನ್ನಡ ಬರುತ್ತಿರಲಿಲ್ಲ, ಪಾಪ. ನಮ್ಮಲ್ಲಿ ಮಳೆಯೂ ಹುಯ್ಯುತ್ತೆ, ಇನ್ನೊಂದೂ ಹುಯ್ಯುತ್ತೆ, ಈ ಜೋಕು ಕನ್ನಡದಲ್ಲೇ ಹೆಚ್ಚು ಚೆನ್ನಾಗಿದೆ ಅಲ್ವಾ?

ನಡೆದದ್ದೂ ಹಾಗೇ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆ ಹತ್ತಿರದ ಕಾಳಗ ಗೆದ್ದು ಕೋಟೆಯ ಸಮೀಪಕ್ಕೇ ಬಂದಿದ್ದ. ಆದರೆ ಮಳೆ ಹಿಡಿಯಿತು, ದಂಡಿಗೆ ಅಕ್ಕಿ ಇಲ್ಲ, ಬಂಡಿ ಎಳೆಯುವ ಎತ್ತುಗಳು ಸಾಯತೊಡಗಿದವು, ಕೊನೆಗೆ ಎಳೆದು ತಂದಿದ್ದ ಭಾರಿ ಫಿರಂಗಿಗಳನ್ನು ತಾವೇ ಒಡೆದು ಹಾಕಿ ಬೆಂಗಳೂರಿನ ದಾರಿ ಹಿಡಿದರು. ಸುದ್ದಿ ಹಡಗಿನಲ್ಲಿ ಹೋಗಬೇಕು. ಮೇ ತಿಂಗಳ ಮಳೆ ಲಂಡನ್ನಿನಲ್ಲಿ ಹುಯ್ಯುವ ಹೊತ್ತಿಗೆ ಡಿಸೆಂಬರ್ ಆಗಿತ್ತು.

ಆದರೆ ಗಿಲ್‌ರೇಗೆ ಟಿಪ್ಪು ಮೇಲೆ ಪ್ರೀತಿ ಇತ್ತು ಅಂತ ನನಗೇನೂ ಅನ್ನಿಸಲಿಲ್ಲ. ತಮ್ಮ ಜನರಲ್‌ನನ್ನು ಹಂಗಿಸಲು ಅವನಿಗೊಬ್ಬ ಟಿಪ್ಪು ಬೇಕಿತ್ತು, ಅಷ್ಟೇ. 1797ರಿಂದ ಅದೇ ಗಿಲ್‌ರೇಗೆ ಸರ್ಕಾರದಿಂದ ವರ್ಷಕ್ಕೆ 200 ಪೌಂಡ್ ಗುಟ್ಟಾಗಿ ಹೋಗತೊಡಗಿತು. ಇದನ್ನು ಓದಿದಾಗ ನನಗೆ ಸ್ವಲ್ಪ ಬೇಜಾರೇ ಆಯಿತು.

ಸಂಜೆ ಸೇಂಟ್ ಜೇಮ್ಸ್ ಸ್ಟ್ರೀಟಿನಲ್ಲಿ ಅಡ್ಡಾಡಿದೆವು. ಅವನ ಚಿತ್ರ ಮಾರುತ್ತಿದ್ದ ಹನ್ನಾ ಹಂಫ್ರಿ ಎಂಬ ಹೆಂಗಸು ಅಂಗಡಿಯನ್ನು 1797ರಲ್ಲಿ ಇಲ್ಲಿನ 27ನೇ ನಂಬರಿಗೆ ತಂದಳು, ಗಿಲ್‌ರೇ ಅದೇ ಮನೆಯ ಮೇಲೆ ಇದ್ದ. ಹೊಸ ಚಿತ್ರ ಬಂದರೆ ಕಿಟಕಿಗೆ ಅಂಟಿಸುವುದು, ದುಡ್ಡಿಲ್ಲದವರು ಹೊರಗೇ ನಿಂತು ನೋಡುವುದು. 1808ರಲ್ಲಿ ಬಂದ ಒಂದು ಚಿತ್ರದಲ್ಲಿ ಇದೇ ಅಂಗಡಿಯ ಮುಂದೆ ಒಬ್ಬ ಜಾರಿ ಬಿದ್ದಿದ್ದಾನೆ. ಹಿಂದೆ ಇರುವವರೆಲ್ಲ ಕಿಟಕಿಯಲ್ಲೇ ಮುಳುಗಿದ್ದಾರೆ, ಎಬ್ಬಿಸುವವರು ಒಬ್ಬರೂ ಇಲ್ಲ! ಹತ್ತಿರದ ಪಿಕಡಿಲಿಯಲ್ಲಿ ಫೋರ್ಸ್ ಎಂಬವನು ಚಿತ್ರಗಳ ಕಟ್ಟನ್ನು ಒಂದು ಸಂಜೆಗೆ ಬಾಡಿಗೆಗೆ ಕೊಡುತ್ತಿದ್ದನಂತೆ, ನಾವು ವಿಡಿಯೋ ಕ್ಯಾಸೆಟ್ ತರುತ್ತಿದ್ದ ಹಾಗೆ. ಅಕ್ಕನ ಮಗನಿಗೆ ಕ್ಯಾಸೆಟ್ ಅಂದರೇನು ಅಂತಲೇ ವಿವರಿಸಬೇಕಾಯಿತು.

ಊರಿಗೆ ಬಂದ ಮೇಲೆ ಒಂದು ಭಾನುವಾರ ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಅರಮನೆ ದರಿಯಾ ದೌಲತ್‌ಗೆ ಹೋದೆ. ಸ್ಕೂಲಿನಲ್ಲಿದ್ದಾಗ ಸಾಲಾಗಿ ಕರೆದುಕೊಂಡು ಹೋಗಿದ್ದರು, ಆಗ ನೋಡಿದ್ದು ತಿಂಡಿ ಡಬ್ಬಿಯನ್ನು ಮಾತ್ರ. ಈ ಸಲ ಪೊಲ್ಲಿಲೂರು ಯುದ್ಧದ ಚಿತ್ರವಿರುವ ಗೋಡೆಯ ಮುಂದೆ ತುಂಬ ಹೊತ್ತು ನಿಂತೆ. 1780ರಲ್ಲಿ ಅಲ್ಲಿ ಸೋತ ಇಂಗ್ಲಿಷರ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿದ್ದಾನೆ, ಸುತ್ತ ಕೆಂಪು ಕೋಟಿನವರು ಒಂದೇ ಅಚ್ಚಿನ ಬೊಂಬೆಗಳ ಹಾಗೆ. ಪಕ್ಕದಲ್ಲೊಬ್ಬ ಗೈಡ್ ಶಾಲೆ ಮಕ್ಕಳಿಗೆ, ನಿಜಾಮನನ್ನು ಹಂಗಿಸಲು ಅಲ್ಲಿ ಹಸು, ಹಂದಿ ಬರೆಸಿದ್ದಾರೆ ಅಂತ ತೋರಿಸುತ್ತಿದ್ದ.

"ಹಂದಿ ಎಲ್ಲಿ ಸಾರ್?" ಎಂದು ಎಲ್ಲರೂ ಹಗ್ಗದ ಮೇಲೆ ಬಗ್ಗಿದರು. ನಾನೂ ಬಗ್ಗಿದೆ.