ಮಾರುತ್ ಮುಂದೆ ಅರ್ಧ ಗಂಟೆ

ಇವತ್ತು ಮಗಳನ್ನು ಕರ್ಕೊಂಡು ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋಗಿದ್ದೆ. ಅವಳು ಹೆಲಿಕಾಪ್ಟರ್ ಕಡೆ ಓಡಿದಳು, ನಾನು ಮಾರುತ್ ಯುದ್ಧವಿಮಾನದ ಮುಂದೆ ನಿಂತುಬಿಟ್ಟೆ. ಎಷ್ಟನೇ ಸಲವೋ! ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ, ಹತ್ತಿರ ಹೋದರೆ ಹೊಲಿಗೆ ಹಾಕಿದಂತೆ ಸಾಲು ಸಾಲು ರಿವೆಟ್ಟು.

ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ನಮ್ಮ ಬೆಂಗಳೂರಲ್ಲೇ ರೂಪುಗೊಂಡ ಫೈಟರ್ ಇದು. 1961ರ ಜೂನ್ 17ರಂದು ಮೊದಲ ಸಲ ಹಾರಿಸಿದವರು ಸುರಂಜನ್ ದಾಸ್. 1970ರಲ್ಲಿ ಮಾರುತ್ ಅಪಘಾತದಲ್ಲೇ ತೀರಿಕೊಂಡರು. ಅವರ ಹೆಸರಿನ ರಸ್ತೆಯಲ್ಲಿ ದಿನಾ ಸಿಗ್ನಲ್ಲಿಗೆ ಕಾಯುವ ಎಷ್ಟು ಜನಕ್ಕೆ ಇದು ಗೊತ್ತೋ.

ಒಟ್ಟು 147 ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಈಗ ಹಾರುವಂಥದ್ದು ಒಂದೂ ಇಲ್ಲ. ಅದಕ್ಕೇ ಹವ್ಯಾಸಿಗಳು ಉಳಿದವನ್ನು ಹುಡುಕಿಕೊಂಡು ಹೋಗ್ತಾರೆ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಿಂದ ಜರ್ಮನಿಯ ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮ್‌ವರೆಗೆ. ಫೋಟೊಗಿಂತ ಮೊದಲು ಬರ್ಕೊಳ್ಳೋದು ವಿಮಾನದ ನಂಬರ್. ಹೊಸ ಬಣ್ಣದಡಿ ಅದು ಮುಚ್ಚಿಹೋದರೆ ಆ ವಿಮಾನದ ಕಥೆ ಹುಡುಕೋದು ಬಲು ಕಷ್ಟ.

ಹೊರಡುವಾಗ ಮಗಳು ಕೇಳಿದಳು, "ಅಪ್ಪಾ, ಇದು ಇನ್ನು ಹಾರಲ್ವಾ?" ಇಲ್ಲ ಪುಟ್ಟಾ ಅಂದೆ. ತಿರುಗಿ ಒಮ್ಮೆ ಟಾಟಾ ಮಾಡಿ ಬಂದಳು.